ಗ್ರೀಕ್ ಭಾಷೆಯ ಮೊದಲ ಪುಸ್ತಕಗಳು

೧

ಥಾಮಸ್ ಹಾರ್ಡಿಯು ೧೮೯೫ರಲ್ಲಿ ಪ್ರಕಟಿಸಿದ ‘ಜೂಡ್ ದಿ ಅಬ್‌ಸ್ಕ್ಯೂರ್’ ಎಂಬ ಕಾದಂಬರಿಯ ಮೊದಲ ಭಾಗದಲ್ಲಿ ಒಂದು ಸನ್ನಿವೇಶವಿದೆ. ಹಳ್ಳಿಯ ಅನಾಥ ಬಾಲಕನಾದ ಜೂಡನು ಕ್ರೈಸ್ಟ್‌ಮಿನ್‌ಸ್ಟರ್ ಎಂಬ ವಿದ್ಯಾನಗರವನ್ನು ಸೇರಬೇಕೆಂದು ಹಂಬಲಿಸಿ, ಊರು ಬಿಟ್ಟು ಹೋದ ಉಪಾಧ್ಯಾಯನಿಗೆ ಕಾಗದ ಬರೆದು ಗ್ರೀಕ್ ಮತ್ತು ಲ್ಯಾಟಿನ್ ವ್ಯಾಕರಣಗಳನ್ನು ತರಿಸಿಕೊಳ್ಳುತ್ತಾನೆ. ವ್ಯಾಕರಣವೆಂದರೆ ಗುಪ್ತಲಿಪಿಯ ಕೀಲಿಕೈಯಂತಹುದು, ಅದೊಂದು ಕೈಗೆ ಬಂದರೆ ತನ್ನ ನುಡಿಯ ಮಾತುಗಳನ್ನೆಲ್ಲ ಪರನುಡಿಗೆ ತಾನಾಗಿಯೇ ತಿರುಗಿಸಬಹುದು ಎಂಬುದು ಆ ಹುಡುಗನ ಎಣಿಕೆ. ಪುಸ್ತಕಗಳು ಬರುತ್ತವೆ. ತೆರೆದು ನೋಡಿದರೆ ಅಂತಹ ಕೀಲಿಕೈ ಯಾವುದೂ ಅಲ್ಲಿಲ್ಲ. ಒಂದೊಂದು ಶಬ್ದವನ್ನೂ ವರುಷಗಟ್ಟಲೆ ದುಡಿದು ನೆನಪಿನಲ್ಲಿಡಬೇಕು. ಹುಡುಗನು ಪುಸ್ತಕಗಳನ್ನು ಕೆಳಗೆ ಹಾಕಿ, ತಾನು ಹುಟ್ಟದೆ ಇದ್ದಿದ್ದರೆ ಚೆನ್ನಾಗಿತ್ತೆಂದು ದುಃಖಿಸುತ್ತಾನೆ.

ಹಾರ್ಡಿಯು ಸ್ವತಃ ವಾಸ್ತುಶಿಲ್ಪದ ಕೆಲಸ ಕಲಿಯುತ್ತಿದ್ದ ವಯಸ್ಸಿನಲ್ಲಿ ಗುರುವಿಲ್ಲದೆ ಗ್ರೀಕನ್ನು ಕಲಿತವನು; ಈ ದುಃಖವನ್ನು ಬಲ್ಲವನು. ಆದುದರಿಂದಲೇ ಆ ಪುಟಗಳಿಗೆ ಅನುಭವದ ಬಿಸಿ ಇದೆ. ಆದರೆ ಕಥೆಯನ್ನು ಸೂಕ್ಷ್ಮವಾಗಿ ಓದಿದವರಿಗೆ ಇನ್ನೊಂದು ಅಂಶವೂ ಕಾಣುತ್ತದೆ. ಜೂಡನನ್ನು ಮುರಿದುದು ಗ್ರೀಕ್ ಭಾಷೆಯ ಕಾಠಿಣ್ಯವಲ್ಲ. ಅವನ ಕೈಗೆ ಬಂದ ಪುಸ್ತಕವು ಅವನಿಗಾಗಿ ಬರೆದುದಾಗಿರಲಿಲ್ಲ. ಅದು ಶಾಲೆಯಲ್ಲಿ ಉಪಾಧ್ಯಾಯನ ಕೈಯಲ್ಲಿರಬೇಕಾದ ಪುಸ್ತಕ. ಉಪಾಧ್ಯಾಯನನ್ನು ಕಳೆದು ಪುಸ್ತಕವನ್ನು ಮಾತ್ರ ಉಳಿಸಿಕೊಂಡರೆ ಉಳಿಯುವುದು ಅರ್ಧ ಸಾಧನ. ಆ ಅರ್ಧವನ್ನೇ ಪೂರ್ಣವೆಂದು ನಂಬಿ ಇಂದಿಗೂ ಎಷ್ಟೋ ಮಂದಿ ಗ್ರೀಕ್ ಕಲಿಯಲು ಕುಳಿತುಕೊಳ್ಳುತ್ತಾರೆ. ಎಷ್ಟೋ ಮಂದಿ ಕೆಲವು ತಿಂಗಳುಗಳಲ್ಲಿ ಎದ್ದುಬಿಡುತ್ತಾರೆ. ಹೀಗೆ ಎದ್ದವರು ತಮ್ಮ ಬುದ್ಧಿಯನ್ನು ಹಳಿದುಕೊಳ್ಳುವರೇ ಹೊರತು ಪುಸ್ತಕವನ್ನು ಹಳಿಯುವುದಿಲ್ಲ. ವಿಮರ್ಶೆಗೆ ಇಲ್ಲಿ ಕೆಲಸವಿದೆ. ಕಾವ್ಯ ನಾಟಕಗಳಂತೆ ಬಾಲಪಾಠದ ಪುಸ್ತಕವೂ ಒಂದು ರಚನೆ, ಅದಕ್ಕೂ ಗುಣದೋಷಗಳಿವೆ, ಅದನ್ನೂ ತೂಗಿ ನೋಡಬೇಕು.

೨

ತೂಗುವುದಕ್ಕೆ ಮೊದಲು ತಕ್ಕಡಿ ಬೇಕು. ಗುರುವಿಲ್ಲದ ಮನೆಯಲ್ಲಿ ಪುಸ್ತಕವೇ ಗುರುವಾಗಬೇಕಾದುದರಿಂದ, ಗುರುವು ಮಾಡುವ ಕೆಲಸ ಯಾವುದೆಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ಅವು ಮುಖ್ಯವಾಗಿ ಮೂರು. ಮೊದಲನೆಯದು ಅಳೆದು ಕೊಡುವುದು: ಇಂದು ಇಷ್ಟು, ನಾಳೆ ಇಷ್ಟು ಎಂದು ಶಿಷ್ಯನ ಶಕ್ತಿಯರಿತು ಬಡಿಸುವುದು. ಎರಡನೆಯದು ತಿದ್ದುವುದು: ತಪ್ಪು ಬೇರೂರುವುದಕ್ಕೆ ಮುಂಚೆ ಅದನ್ನು ಹಿಡಿದು ತೋರಿಸುವುದು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಆಸೆಯನ್ನು ಆರಗೊಡದಿರುವುದು: ಈ ಶ್ರಮವೆಲ್ಲ ಯಾವ ಬಾಗಿಲನ್ನು ತೆರೆಯುವುದಕ್ಕೆ ಎಂಬುದನ್ನು ಆಗಾಗ ಕಣ್ಣಿಗೆ ಕಾಣಿಸುತ್ತಿರುವುದು.

ಸಂಸ್ಕೃತ ಪಾಠಶಾಲೆಯಲ್ಲಿ ಬಾಲಕರು ಅರ್ಥಕ್ಕಿಂತ ಮೊದಲೇ ಶಬ್ದರೂಪಗಳನ್ನು ಉರುಹೊಡೆಯುವುದನ್ನು ಕಂಡವರು, ವ್ಯಾಕರಣವನ್ನು ಮೊದಲು ಬಾಯಿಪಾಠ ಮಾಡುವ ಮಾರ್ಗವೇ ಸಿದ್ಧಮಾರ್ಗವೆಂದು ವಾದಿಸಬಹುದು. ಆ ಮಾರ್ಗವು ಫಲಿಸುತ್ತಿದ್ದುದೂ ನಿಜ. ಆದರೆ ಅಲ್ಲಿ ದಿನದಿನವೂ ಕೇಳುವ ಕಿವಿಯೊಂದು ಎದುರಿಗಿತ್ತು. ತಪ್ಪಿದೊಡನೆಯೇ ತಡೆಯುವ ದನಿಯಿತ್ತು. ಪಕ್ಕದಲ್ಲಿ ಕುಳಿತು ಅದನ್ನೇ ಹೇಳುವ ಸಹಪಾಠಿಗಳಿದ್ದರು. ಶಬ್ದ, ಧಾತು, ಅಮರ ಮುಗಿದೊಡನೆ ರಘುವಂಶ ಬರುವುದೆಂಬ ಭರವಸೆಯೂ ಇತ್ತು. ಒಬ್ಬನೇ ಕುಳಿತು ಗೋಡೆಗೆ ಹೇಳುವ ಬಾಯಿಪಾಠಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಆದುದರಿಂದ ಒಂದು ಮಾರ್ಗವು ಪಾಠಶಾಲೆಯಲ್ಲಿ ಒಳ್ಳೆಯದಾಗಿತ್ತು ಎಂಬುದರಿಂದಲೇ ಅದು ಏಕಾಂಗಿಗೂ ಒಳ್ಳೆಯದೆಂದು ಹೇಳಲಾಗದು.

ಈ ದೃಷ್ಟಿಯಿಂದ ನೋಡಿದರೆ, ಹೊಸಬನು ಮೊದಲು ಮಾಡುವ ತಪ್ಪು ಯಾವುದೆಂಬುದು ಸುಲಭವಾಗಿ ತಿಳಿಯುತ್ತದೆ. ಅವನು ಅತ್ಯಂತ ದೊಡ್ಡ ಪುಸ್ತಕವನ್ನು ಕೊಳ್ಳುತ್ತಾನೆ. ೧೯೨೦ರಲ್ಲಿ ಹೊರಬಂದ ಹರ್ಬರ್ಟ್ ವಿಯರ್ ಸ್ಮಿತ್ ಪಂಡಿತನ ಗ್ರೀಕ್ ವ್ಯಾಕರಣವೂ, ೧೮೪೩ರಲ್ಲಿ ಮೊದಲು ಅಚ್ಚಾಗಿ ಮತ್ತೆ ಮತ್ತೆ ಬೆಳೆದ ಲಿಡೆಲ್ ಮತ್ತು ಸ್ಕಾಟ್ ಪಂಡಿತರ ನಿಘಂಟುವೂ ಸಾಟಿಯಿಲ್ಲದ ಗ್ರಂಥಗಳು. ಅವಿಲ್ಲದೆ ಮುಂದಿನ ಓದು ಸಾಗದು. ಆದರೆ ಅವು ಕೋಶಗಳು, ದಾರಿಗಳಲ್ಲ. ಊರಿನ ನಕ್ಷೆಯನ್ನು ಬಾಯಿಪಾಠ ಮಾಡಿದವನು ಊರನ್ನು ಕಂಡವನಾಗುವುದಿಲ್ಲ. ಎರಡನೆಯ ತಪ್ಪು ಇನ್ನೂ ಸಾಮಾನ್ಯವಾದುದು: ಒಂದು ಪುಸ್ತಕವು ಕಠಿಣವಾದೊಡನೆ ಅದನ್ನು ಬಿಟ್ಟು ಮತ್ತೊಂದನ್ನು ಹಿಡಿಯುವುದು. ಹೀಗೆ ಮಾಡುವವನು ಪ್ರತಿಸಲವೂ ಅಕ್ಷರಮಾಲೆಯಿಂದಲೇ ತೊಡಗುತ್ತಾನೆ. ಕಡೆಗೆ ಮೂರು ಪುಸ್ತಕಗಳ ಮೊದಲ ಐದು ಪಾಠಗಳನ್ನು ಬಲ್ಲವನಾಗಿ, ಯಾವ ಪುಸ್ತಕದ ಆರನೆಯ ಪಾಠವನ್ನೂ ಅರಿಯದವನಾಗಿ ಉಳಿಯುತ್ತಾನೆ.

೩

ಹಳೆಯ ತಲೆಮಾರಿನ ಪುಸ್ತಕಗಳಲ್ಲಿ ಮಾದರಿಯಾಗಿ ಎಣಿಸಬೇಕಾದುದು, ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದಲ್ಲಿ ಅಧ್ಯಾಪಕನಾಗಿದ್ದ ಜಾನ್ ವಿಲಿಯಮ್ಸ್ ವೈಟ್ ೧೮೯೬ರಲ್ಲಿ ಪ್ರಕಟಿಸಿದ ‘ಫಸ್ಟ್ ಗ್ರೀಕ್ ಬುಕ್’. ಅದರ ಗುರಿ ಒಂದೇ: ಕ್ಸೆನೊಫೋನನ ‘ಅನಬಾಸಿಸ್’. ಪಾರಸಿಕ ರಾಜಕುಮಾರನಾದ ಕೈರಸ್ಸನು ಅಣ್ಣನ ಸಿಂಹಾಸನಕ್ಕಾಗಿ ಕ್ರಿ. ಪೂ. ೪೦೧ರಲ್ಲಿ ದಂಡೆತ್ತಿ ಹೋಗಿ ಮಡಿದುದು, ಅವನು ಕೂಲಿಗೆ ಕರೆದೊಯ್ದಿದ್ದ ಹತ್ತು ಸಾವಿರ ಗ್ರೀಕ್ ಯೋಧರು ಪರದೇಶದ ನಡುವಿನಿಂದ ಕಪ್ಪುಸಮುದ್ರದವರೆಗೆ ದಾರಿ ಮಾಡಿಕೊಂಡು ಬಂದುದು, ಇದು ಆ ಗ್ರಂಥದ ವಸ್ತು. ವೈಟನ ಪಾಠಗಳು ಈ ಗದ್ಯದ ಶಬ್ದಗಳನ್ನೇ ಆರಿಸಿಕೊಂಡು, ಇದರ ವಾಕ್ಯಗಳನ್ನೇ ಸರಳಗೊಳಿಸಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಕಲಿತ ಒಂದು ಶಬ್ದವೂ ವ್ಯರ್ಥವಾಗದು. ಕ್ರಮ, ಮಿತಿ, ಶುದ್ಧಿ ಮೂರರಲ್ಲಿಯೂ ಈ ಪುಸ್ತಕವು ಮೆಚ್ಚತಕ್ಕದ್ದು.

ಆದರೆ ಗುರುವಿನ ಮೂರನೆಯ ಕೆಲಸದಲ್ಲಿ ಇದು ಸೋಲುತ್ತದೆ. ಮೊದಲ ತಿಂಗಳುಗಳಲ್ಲಿ ವಿದ್ಯಾರ್ಥಿಯ ಕಣ್ಣೆದುರಿಗೆ ಬರುವುದು ಸೇನಾಪತಿ, ಶಿಬಿರ, ಗುರಾಣಿ, ಪ್ರಯಾಣದ ಹರದಾರಿಗಳ ಲೆಕ್ಕ. ಒಂದಕ್ಕೊಂದು ಸಂಬಂಧವಿಲ್ಲದ ಬಿಡಿವಾಕ್ಯಗಳಲ್ಲಿ ಸೈನಿಕರು ಸದಾ ಹೊರಡುತ್ತಾರೆ, ಎಲ್ಲಿಗೂ ತಲುಪುವುದಿಲ್ಲ. ಪ್ಲೇಟೋವಿಗಾಗಿಯೋ ಸಾಫೋಕ್ಲೀಸನಿಗಾಗಿಯೋ ಗ್ರೀಕ್ ಕಲಿಯಲು ಬಂದವನಿಗೆ ಇದು ಬಹಳ ಉದ್ದವಾದ ಹೊರಜಗಲಿ.

ಈ ಜಗಲಿಯನ್ನೇ ಕಿತ್ತುಹಾಕಿದವನು ಕ್ಲೈಡ್ ಫಾರ್. ಅವನ ‘ಹೋಮೆರಿಕ್ ಗ್ರೀಕ್’ ೧೯೨೦ರಲ್ಲಿ ಪ್ರಕಟವಾಯಿತು. ೧೯೮೫ರಲ್ಲಿ ಜಾನ್ ರೈಟನಿಂದ ಪರಿಷ್ಕೃತವಾಗಿ ಇಂದಿಗೂ ಬಳಕೆಯಲ್ಲಿದೆ. ಗ್ರೀಕರು ತಾವೇ ತಮ್ಮ ಮಕ್ಕಳಿಗೆ ಹೋಮರನಿಂದ ವಿದ್ಯಾಭ್ಯಾಸ ತೊಡಗಿಸುತ್ತಿದ್ದಾಗ ಪರದೇಶದ ವಿದ್ಯಾರ್ಥಿಯು ಕ್ಸೆನೊಫೋನನ ದಂಡಯಾತ್ರೆಯಿಂದ ಏಕೆ ತೊಡಗಬೇಕು? ಹತ್ತು ಹದಿನೈದು ಪಾಠಗಳು ಕಳೆಯುವುದರೊಳಗೆ ಫಾರನ ಶಿಷ್ಯನು ‘ಇಲಿಯಡ್’ ಕಾವ್ಯದ ಆದಿಯನ್ನೇ ಓದತೊಡಗುತ್ತಾನೆ; ಎಪ್ಪತ್ತೇಳು ಪಾಠಗಳ ಕಡೆಯಲ್ಲಿ ೬೧೧ ಪಂಕ್ತಿಗಳ ಮೊದಲ ಸರ್ಗವನ್ನು ಪೂರ್ತಿಯಾಗಿ ಓದಿ ಮುಗಿಸಿರುತ್ತಾನೆ. ಅಮರದ ಹಿಂದೆಯೇ ರಘುವಂಶವನ್ನು ಕೈಗೆ ಕೊಡುತ್ತಿದ್ದ ಮಾರ್ಗಕ್ಕೂ ಇದಕ್ಕೂ ದೂರವಿಲ್ಲ.

ಫಾರನ ಕ್ರಮದಲ್ಲಿ ಒಂದು ಗೂಢವಾದ ಅನುಕೂಲವೂ ಇದೆ. ಹೋಮರನ ಕಾವ್ಯವು ಬಾಯಿಂದ ಬಾಯಿಗೆ ಬೆಳೆದ ಸಂಪ್ರದಾಯದ್ದು. ಒಂದೇ ವಿಶೇಷಣ, ಒಂದೇ ಪಂಕ್ತ್ಯರ್ಧ, ಒಂದೇ ಸಂಬೋಧನೆ ಮತ್ತೆ ಮತ್ತೆ ಬರುತ್ತದೆ. ಗಾಯಕನ ನೆನಪಿಗಾಗಿ ಹುಟ್ಟಿದ ಈ ಪುನರುಕ್ತಿಯೇ ವಿದ್ಯಾರ್ಥಿಯ ನೆನಪಿಗೂ ಊರುಗೋಲಾಗುತ್ತದೆ. ಪುಸ್ತಕವು ‘ಹಿಂದಿನ ಪಾಠವನ್ನು ಪುನಃ ಓದು’ ಎಂದು ಹೇಳಬೇಕಾಗಿಲ್ಲ, ಕವಿಯೇ ಓದಿಸುತ್ತಾನೆ. ದೋಷಗಳೂ ಉಂಟು. ಒಂದೇ ವಿಭಕ್ತಿಗೆ ಎರಡು ಮೂರು ರೂಪಗಳು, ಒಂದೇ ಕ್ರಿಯೆಗೆ ಹಲವು ತುಮುನ್ನಂತಗಳು, ಇವುಗಳ ಜೊತೆಗೆ ಛಂದಸ್ಸಿನ ಅಭ್ಯಾಸ. ರೂಪಗಳೆಲ್ಲ ಪುಸ್ತಕದ ಹಿಂಭಾಗದ ವ್ಯಾಕರಣದಲ್ಲಿ ಅಡಗಿರುವುದರಿಂದ, ಒಂದು ಬೆರಳನ್ನು ಮುಂದೆಯೂ ಒಂದು ಬೆರಳನ್ನು ಹಿಂದೆಯೂ ಇಟ್ಟುಕೊಂಡು ಓದಬೇಕಾಗುತ್ತದೆ. ತಪ್ಪನ್ನು ತಿದ್ದುವ ವ್ಯವಸ್ಥೆ ಮೂಲಪುಸ್ತಕದಲ್ಲಿಲ್ಲ. ಫಾರನು ಆಸೆಯನ್ನು ಉಳಿಸುತ್ತಾನೆ. ಅಳತೆಯಲ್ಲಿ ಮಾತ್ರ ಕೈ ಸ್ವಲ್ಪ ಧಾರಾಳ.

೪

ಇವೆರಡಕ್ಕಿಂತ ಬೇರೆಯಾದ ಮೂರನೆಯ ದಾರಿಯೊಂದುಂಟು. ಅದಕ್ಕೆ ಇಂಗ್ಲೆಂಡಿನಲ್ಲಿ ಹೆಸರು ತಂದವನು ಡಬ್ಲ್ಯು. ಎಚ್. ಡಿ. ರೌಸ್. ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಸಂಸ್ಕೃತವನ್ನು ಬೋಧಿಸಿ, ಪಾಲಿ ಜಾತಕಕಥೆಗಳ ಇಂಗ್ಲಿಷ್ ಅನುವಾದದಲ್ಲಿ ಪಾಲ್ಗೊಂಡ ಈ ವಿದ್ವಾಂಸನು, ೧೯೦೨ರಿಂದ ೧೯೨೮ರವರೆಗೆ ಆ ಊರಿನ ಪರ್ಸ್ ಶಾಲೆಯ ಮುಖ್ಯಾಧ್ಯಾಪಕನಾಗಿದ್ದನು. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಮಾತಾಡುತ್ತಲೇ ಕಲಿಸಬೇಕೆಂಬುದು ಅವನ ಸಿದ್ಧಾಂತ. ೧೯೦೯ರಲ್ಲಿ ಬಂದ ಅವನ ‘ಎ ಗ್ರೀಕ್ ಬಾಯ್ ಅಟ್ ಹೋಮ್’ ಎಂಬ ಪುಸ್ತಕದಲ್ಲಿ ಗ್ರೀಕ್ ಬಾಲಕನೊಬ್ಬನು ತನ್ನ ಮನೆಯ ಸಮಾಚಾರವನ್ನು ಗ್ರೀಕಿನಲ್ಲಿಯೇ ಹೇಳಿಕೊಂಡು ಹೋಗುತ್ತಾನೆ. ಅದರಲ್ಲಿ ಜೀವವಿದೆ, ನಗೆಯಿದೆ. ಆದರೆ ರೌಸನ ವಿಧಾನದ ಅರ್ಧ ಭಾಗ ರೌಸನೇ. ಅವನ ದನಿಯಿಲ್ಲದ ಮನೆಯಲ್ಲಿ ಆ ಪುಸ್ತಕವು ಎರಡನೆಯ ವರ್ಷದ ಓದಿಗೆ ಉತ್ತಮ, ಮೊದಲ ದಿನಕ್ಕಲ್ಲ.

ರೌಸನಂತೆ ಕಥೆಯಿಂದ ಕಲಿಸಲು ಹೊರಟು, ಅದನ್ನು ಪುಸ್ತಕದಿಂದಲೇ ಸಾಧ್ಯವಾಗಿಸಲು ಯತ್ನಿಸಿದ ಕೃತಿಗಳು ಶತಮಾನದ ಉತ್ತರಾರ್ಧದಲ್ಲಿ ಬಂದವು. ಅವುಗಳಲ್ಲಿ ಮುಖ್ಯವಾದುವು ಎರಡು. ಇಂಗ್ಲೆಂಡಿನ ಪ್ರಾಚೀನಭಾಷಾ ಅಧ್ಯಾಪಕರ ಸಂಯುಕ್ತ ಸಂಘವು ೧೯೭೮ರಲ್ಲಿ ಕೇಂಬ್ರಿಜ್‌ನಿಂದ ಹೊರತಂದ ‘ರೀಡಿಂಗ್ ಗ್ರೀಕ್’ ಒಂದು. ಮಾರಿಸ್ ಬಾಮ್ ಮತ್ತು ಗಿಲ್ಬರ್ಟ್ ಲಾವಲ್ ರಚಿಸಿ ೧೯೯೦ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯವು ಪ್ರಕಟಿಸಿದ ‘ಅಥೇನಾಜ಼ೆ’ ಇನ್ನೊಂದು. ‘ಅಥೇನಾಜ಼ೆ’ ಎಂದರೆ ‘ಅಥೆನ್ಸಿನ ಕಡೆಗೆ’ ಎಂದರ್ಥ.

‘ರೀಡಿಂಗ್ ಗ್ರೀಕ್’ ಒಂದು ಮೋಸದಿಂದ ಆರಂಭವಾಗುತ್ತದೆ. ಹಡಗಿನ ಮೇಲೆ ಸಾಲವೆತ್ತಿದ ಇಬ್ಬರು ಧೂರ್ತರು ಸಾಲ ತೀರಿಸದಿರಲೆಂದು ನಡುಗಡಲಿನಲ್ಲಿ ಆ ಹಡಗನ್ನು ಮುಳುಗಿಸಲು ಹವಣಿಸುತ್ತಾರೆ. ಇದು ಕಲ್ಪಿತ ಕಥೆಯಲ್ಲ; ಡೆಮಾಸ್ತನೀಸನ ನ್ಯಾಯಸ್ಥಾನದ ಭಾಷಣವೊಂದರಿಂದ ಎತ್ತಿಕೊಂಡುದು. ಮುಂದೆ ಅರಿಸ್ಟೊಫನೀಸನ ಪ್ರಹಸನಗಳು, ಸಾಕ್ರಟೀಸನ ವಿಚಾರಣೆ, ನೇಯಾರಾ ಎಂಬ ಹೆಂಗಸಿನ ಮೇಲೆ ಹೂಡಿದ ಮೊಕದ್ದಮೆ, ಹೆರೊಡೊಟಸ್ಸನ ಇತಿಹಾಸ, ಕಡೆಗೆ ಹೋಮರನ ನಾಸಿಕಾ ಪ್ರಸಂಗ. ವಿದ್ಯಾರ್ಥಿಯು ಓದುವುದು ಆದಿಯಲ್ಲಿ ಬಹಳ ತಿದ್ದಿದ ಮೂಲ, ಆಮೇಲೆ ಸ್ವಲ್ಪ ತಿದ್ದಿದ ಮೂಲ, ಕಡೆಗೆ ಮೂಲವೇ. ದೊಡ್ಡವರಾದ ಮೇಲೆ ಕಲಿಯುವವರನ್ನೂ ಮನಸ್ಸಿನಲ್ಲಿಟ್ಟು ಬರೆದ ಈ ಕೃತಿಗೆ, ಏಕಾಂಗಿಗಳಿಗೆಂದೇ ರಚಿಸಿದ ಕೈಪಿಡಿಯೊಂದು ಸೇರಿದೆ. ಪಾಠಗಳ ಅನುವಾದವೂ ಅಭ್ಯಾಸಗಳ ಉತ್ತರವೂ ಅದರಲ್ಲಿವೆ. ಗುರುವಿನ ಎರಡನೆಯ ಕೆಲಸವಾದ ತಿದ್ದುವಿಕೆಯನ್ನು ಇಷ್ಟು ಪ್ರಾಮಾಣಿಕವಾಗಿ ವಹಿಸಿಕೊಂಡ ಪುಸ್ತಕ ವಿರಳ. ಆದರೆ ಪಾಠ ಒಂದು ಸಂಪುಟದಲ್ಲಿ, ವ್ಯಾಕರಣ ಇನ್ನೊಂದರಲ್ಲಿ, ಉತ್ತರ ಮೂರನೆಯದರಲ್ಲಿ. ಹೊಸ ಶಬ್ದಗಳು ಮಳೆಯಂತೆ ಸುರಿಯುತ್ತವೆ. ಹಳೆಯವು ನೆಲಕ್ಕಿಳಿಯುವಷ್ಟು ಬಿಡುವಿರುವುದಿಲ್ಲ. ಆಸೆಯೂ ತಿದ್ದುಪಡಿಯೂ ಇದ್ದು ಅಳತೆ ತಪ್ಪಿದ ಪುಸ್ತಕವಿದು.

ಅಳತೆಯಲ್ಲಿ ‘ಅಥೇನಾಜ಼ೆ’ಯದು ಮೇಲುಗೈ. ಪೆಲೊಪೊನೇಸಿಯನ್ ಯುದ್ಧವು ಮೊದಲಾಗುವ ಮುಂಚಿನ ದಿನಗಳಲ್ಲಿ ಅಥೆನ್ಸಿನ ಹೊರವಲಯದ ಹಳ್ಳಿಯೊಂದರಲ್ಲಿರುವ ರೈತ ಡಿಕೈಯೊಪೊಲಿಸ್, ಅವನ ಹೆಂಡತಿ ಮಿರ್ರಿನೆ, ಮಗ ಫಿಲಿಪ್ಪೊಸ್, ಮಗಳು ಮೆಲಿಟ್ಟಾ, ಆಳು ಕ್ಸಾಂಥಿಯಸ್, ನಾಯಿ ಆರ್ಗೊಸ್, ಇವರ ಸಂಸಾರವೇ ಅದರ ಪಾಠ. ರೈತನ ಹೆಸರು ಅರಿಸ್ಟೊಫನೀಸನ ‘ಅಕಾರ್ನಿಯನ್ಸ್’ ಪ್ರಹಸನದ ನಾಯಕನದು. ಮೊದಲ ಪಾಠಗಳಲ್ಲಿ ಹೊಲವಿದೆ, ಎತ್ತಿದೆ, ನೇಗಿಲಿದೆ, ಎತ್ತಿ ಹಾಕಬೇಕಾದ ಕಲ್ಲುಗಳಿವೆ. ಒಂದೇ ಕ್ರಿಯಾಪದವು ಆರೇಳು ವಾಕ್ಯಗಳಲ್ಲಿ ಆರೇಳು ಬಗೆಯಾಗಿ ಬರುವುದರಿಂದ, ರೂಪವು ಕೋಷ್ಠಕದಲ್ಲಿ ಕಾಣಿಸಿಕೊಳ್ಳುವುದಕ್ಕೆ ಮುಂಚೆಯೇ ಕಿವಿಗೆ ಪರಿಚಿತವಾಗಿರುತ್ತದೆ. ಬರಬರುತ್ತ ಕಥೆಯೂ ಗಂಭೀರವಾಗುತ್ತದೆ. ಹಬ್ಬಕ್ಕೆಂದು ನಗರಕ್ಕೆ ಹೋದಾಗ ಮಗನು ಕಣ್ಣು ಕಳೆದುಕೊಳ್ಳುತ್ತಾನೆ; ತಂದೆಯು ಅವನನ್ನು ಎಪಿಡೌರಸ್ಸಿನ ವೈದ್ಯದೇವತೆಯ ಗುಡಿಗೆ ಕರೆದೊಯ್ಯುತ್ತಾನೆ; ದಾರಿಯಲ್ಲಿ ಸಲಮಿಸ್ ಯುದ್ಧದ ಕಥೆಯನ್ನು ಕೇಳುತ್ತಾರೆ. ಕುರುಡನಾದ ಹುಡುಗನು ಏನಾದನೆಂಬ ಕುತೂಹಲದಿಂದ ವಿದ್ಯಾರ್ಥಿಯು ಪುಟ ತಿರುಗಿಸುತ್ತಾನೆ. ತಿರುಗಿಸಿದಷ್ಟೂ ಗ್ರೀಕ್ ಓದಿರುತ್ತಾನೆ. ಎರಡನೆಯ ಸಂಪುಟದ ಕಡೆಗೆ ಥುಸಿಡಿಡೀಸನ ಇತಿಹಾಸವೂ, ಆ ರೈತನ ಹೆಸರು ಹುಟ್ಟಿದ ಪ್ರಹಸನವೂ ಎದುರಾಗುತ್ತವೆ. ಇಟಲಿಯಲ್ಲಿ ಲುಯಿಜಿ ಮಿರಾಲ್ಯನು ಇದೇ ಪುಸ್ತಕದ ಪಾಠಭಾಗವನ್ನು ಇನ್ನಷ್ಟು ಹಿಗ್ಗಿಸಿದ್ದಾನೆ. ಸುಲಭವಾದ ಓದು ಹೆಚ್ಚಾದಷ್ಟೂ ಏಕಾಂಗಿಗೆ ಲಾಭವೆಂಬ ಅವನ ನಿರ್ಣಯವು ಸರಿಯಾದುದು.

ಈ ಪುಸ್ತಕದಲ್ಲಿ ಒಂದು ಕಲೆಯುಂಟೆಂಬುದನ್ನು ಮುಚ್ಚಬಾರದು. ಆಳು ಕ್ಸಾಂಥಿಯಸನು ಮೊದಲ ಪಾಠಗಳಿಂದಲೇ ಸೋಮಾರಿ, ನಗೆಗೀಡಾದವನು. ಅವನು ಕೂಲಿಯಾಳಲ್ಲ, ಕ್ರಯಕ್ಕೆ ಕೊಂಡ ದಾಸ. ದಾಸನನ್ನು ಹಾಗೆ ಚಿತ್ರಿಸುವುದು ಗ್ರೀಕ್ ಪ್ರಹಸನದ ರೂಢಿಯೆಂಬುದು ಸಮಾಧಾನವೇನೋ ಹೌದು. ಆದರೆ ಮೊದಲ ಪುಸ್ತಕವು ಶಬ್ದಗಳನ್ನು ಮಾತ್ರ ಕಲಿಸುವುದಿಲ್ಲ. ಒಂದು ಲೋಕವನ್ನು ಕಲಿಸುತ್ತದೆ. ಕಲಿಯುವವನು ವಿಭಕ್ತಿಯನ್ನು ನೋಡುತ್ತಿರುವಾಗ ಆ ಲೋಕವು ಪ್ರಶ್ನೆಯಿಲ್ಲದೆ ಒಳಗೆ ನುಸುಳುತ್ತದೆ. ಸ್ತ್ರೀಯರ, ಪರದೇಶಿಗಳ, ಮೋಸಗಾರರ, ನ್ಯಾಯಸ್ಥಾನದ ಪೂರ್ಣತರ ನಗರವನ್ನು ತೋರಿಸುವುದರಲ್ಲಿ ‘ರೀಡಿಂಗ್ ಗ್ರೀಕ್’ ಹೆಚ್ಚು ಸತ್ಯವಾದುದು.

ಇವುಗಳೊಡನೆ ಹಾನ್ಸನ್ ಮತ್ತು ಕ್ವಿನ್ನರ ‘ಗ್ರೀಕ್: ಆ್ಯನ್ ಇಂಟೆನ್ಸಿವ್ ಕೋರ್ಸ್’ ಎಂಬುದನ್ನೂ ಹೆಸರಿಸಬೇಕು. ಇಪ್ಪತ್ತು ಘಟಕಗಳಲ್ಲಿ ವ್ಯಾಕರಣವನ್ನೆಲ್ಲ ಸಮಗ್ರವಾಗಿ ಇಷ್ಟು ಸ್ಪಷ್ಟವಾಗಿ ನಿರೂಪಿಸಿದ ಪುಸ್ತಕಗಳು ಕೆಲವೇ. ಆದರೆ ಅದು ನ್ಯೂಯಾರ್ಕಿನಲ್ಲಿ ಬೇಸಗೆಯ ಕೆಲವು ವಾರಗಳ ಕಾಲ ಹಗಲೆಲ್ಲ ಅಧ್ಯಾಪಕರೆದುರಿಗೆ ಕುಳಿತವರಿಗಾಗಿ ಬೆಳೆದ ಪುಸ್ತಕ. ಮನೆಯಲ್ಲಿ ದಿನಕ್ಕೊಂದು ಗಂಟೆ ಮಿಗಿಸಿಕೊಳ್ಳುವ ಉದ್ಯೋಗಸ್ಥನಿಗೆ ಅದು ಜೂಡನ ವ್ಯಾಕರಣವೇ ಹೊಸ ರಟ್ಟಿನಲ್ಲಿ ಬಂದಂತೆ.

೫

ಈ ಪುಸ್ತಕಗಳೆಲ್ಲವೂ, ಇಟಲಿಯ ವಿಸ್ತರಣವೊಂದನ್ನು ಬಿಟ್ಟು, ಇಂಗ್ಲಿಷ್ ಮನೆಮಾತಿನವರಿಗಾಗಿ ಬರೆದುವು. ಯಾವುದನ್ನು ವಿಸ್ತರಿಸಬೇಕು, ಯಾವುದನ್ನು ಒಂದು ಸಾಲಿನಲ್ಲಿ ಮುಗಿಸಬೇಕು ಎಂಬುದನ್ನು ಅವರ ನುಡಿಯೇ ನಿರ್ಣಯಿಸಿದೆ. ಕನ್ನಡದ ವಾಚಕನು ಇವುಗಳನ್ನು ಹಿಡಿದಾಗ ಈ ಅಳತೆಯನ್ನು ತಾನೇ ಸರಿಪಡಿಸಿಕೊಳ್ಳಬೇಕಾಗುತ್ತದೆ.

ಮೊದಲು ಉಚ್ಚಾರಣೆ. ಗ್ರೀಕ್ ವರ್ಣಮಾಲೆಯ ೨೪ ಅಕ್ಷರಗಳಲ್ಲಿ ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ, ಹ್ರಸ್ವ ಒಕಾರಕ್ಕೂ ದೀರ್ಘ ಓಕಾರಕ್ಕೂ ಬೇರೆ ಬೇರೆ ಅಕ್ಷರಗಳಿವೆ. ಇಂಗ್ಲಿಷಿನವನಿಗೆ ಈ ಭೇದವನ್ನು ವಿವರಿಸಿ ಹೇಳಬೇಕು. ಸಂಸ್ಕೃತದಲ್ಲಿಯೂ ಈ ಹ್ರಸ್ವಗಳಿಲ್ಲ. ಕನ್ನಡದ ಕಾಗುಣಿತದಲ್ಲಿ ಮಾತ್ರ ಇವು ಮಗುವಿಗೂ ತಿಳಿದುವು. ಮಹಾಪ್ರಾಣಗಳ ಮಾತೂ ಹಾಗೆಯೇ. ಪ್ರಾಚೀನ ಅಥೆನ್ಸಿನಲ್ಲಿ ಫಕಾರ, ಥಕಾರ, ಖಕಾರಗಳು ನಿಜವಾದ ಮಹಾಪ್ರಾಣಗಳಾಗಿದ್ದುವೆಂಬುದನ್ನು ಡಬ್ಲ್ಯು. ಸಿಡ್ನಿ ಆಲನ್ ಪಂಡಿತನು ೧೯೬೮ರ ‘ವಾಕ್ಸ್ ಗ್ರೈಕಾ’ದಲ್ಲಿ ವಿಶದಪಡಿಸಿದ್ದಾನೆ. ಪ್ರಾಚೀನ ಭಾರತದ ಧ್ವನಿಶಾಸ್ತ್ರವನ್ನು ಕುರಿತು ೧೯೫೩ರಲ್ಲಿ ಗ್ರಂಥ ಬರೆದವನೂ ಇವನೇ. ಆ ಅಕ್ಷರಗಳನ್ನು ಇಂಗ್ಲಿಷಿನ ಊಷ್ಮಧ್ವನಿಗಳಂತೆ ಓದಬಹುದೆಂದು ಪಠ್ಯಪುಸ್ತಕಗಳು ಕೊಡುವ ರಿಯಾಯಿತಿಯು ಕನ್ನಡಿಗನಿಗೆ ಬೇಕಾಗಿಲ್ಲ.

ವಾಕ್ಯರಚನೆಗೆ ಬಂದರೆ ಅನುಕೂಲವು ಇನ್ನೂ ದೊಡ್ಡದು. ಗ್ರೀಕ್ ಗದ್ಯದ ಬೆನ್ನೆಲುಬು ಕೃದಂತ. ‘ಕಂಡು’, ‘ಕಂಡ’, ‘ಕಾಣುತ್ತಿರುವ’ ಎಂಬಂತಹ ಒಂದೇ ಪದದಲ್ಲಿ ಗ್ರೀಕರು ಹೇಳುವುದನ್ನು ಇಂಗ್ಲಿಷ್ ಪುಸ್ತಕಗಳು ‘ಯಾವಾಗ’, ‘ಯಾವನು’, ‘ಏಕೆಂದರೆ’ ಎಂಬ ಉಪವಾಕ್ಯಗಳಾಗಿ ಒಡೆದು ವಿವರಿಸುತ್ತವೆ. ಅದಕ್ಕಾಗಿ ಅಧ್ಯಾಯಗಳನ್ನೇ ಮೀಸಲಿಡುತ್ತವೆ. ಕನ್ನಡಕ್ಕೆ ಈ ಒಡೆತ ಬೇಡ. ಅದು ಕನ್ನಡದ ಸ್ವಂತ ನಡೆ. ‘ಈಗಿನವರು’, ‘ಹೊಲದಲ್ಲಿರುವವರು’, ‘ಹೇಳುವುದು’ ಎಂದು ಅವ್ಯಯವನ್ನೂ ಪದಸಮೂಹವನ್ನೂ ಕ್ರಿಯೆಯನ್ನೂ ನಾಮವಾಗಿಸುವ ಗ್ರೀಕಿನ ಹಂಚಿಕೆಯೂ ಕನ್ನಡಿಗನಿಗೆ ಅಪರಿಚಿತವಲ್ಲ. ನಪುಂಸಕ ಬಹುವಚನದ ಕರ್ತೃವಿಗೆ ಏಕವಚನದ ಕ್ರಿಯಾಪದ ಬರುವುದೆಂಬ ಗ್ರೀಕ್ ನಿಯಮಕ್ಕೆ ಇಂಗ್ಲಿಷ್ ವಿದ್ಯಾರ್ಥಿಯು ಬೆರಗಾದರೆ, ‘ನಾಲ್ಕು ಹಣ್ಣು ಬಿತ್ತು’ ಎನ್ನುವವನು ಬೆರಗಾಗುವುದಿಲ್ಲ. ‘ತಂದೆಯೇನೋ ಹೋದನು, ಮಗನೋ ಉಳಿದನು’ ಎಂಬಲ್ಲಿನ ಒತ್ತನ್ನು ಗ್ರೀಕರು ‘ಮೆನ್’, ‘ದೆ’ ಎಂಬ ಎರಡು ಪುಟ್ಟ ಪದಗಳಿಂದ ತರುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಕೈಗಳ ಉಪಮಾನವನ್ನೇ ಕರೆಯಬೇಕಾಗಿದೆ.

ಸಂಸ್ಕೃತವನ್ನು ಬಲ್ಲವನಿಗೆ ಮತ್ತೊಂದು ಹೆಬ್ಬಾಗಿಲು ತೆರೆದಿದೆ. ದ್ವಿವಚನ, ಆತ್ಮನೇಪದ, ಅಡಾಗಮ, ಧಾತುವಿನ ದ್ವಿತ್ವ ಎಲ್ಲವೂ ಅಲ್ಲಿವೆ. ‘ಭರಾಮಿ’ಗೆ ‘ಫೆರೋ’, ‘ಅಭರತ್’ಗೆ ‘ಎಫೆರೆ’, ‘ದದಾಮಿ’ಗೆ ‘ದಿದೋಮಿ’. ಪಠ್ಯಪುಸ್ತಕಗಳು ಭಯಪಡಿಸಿ ಹೇಳುವ ನಿರಪೇಕ್ಷ ಷಷ್ಠಿಯು ಸತಿಸಪ್ತಮಿಯ ಸೋದರಿ. ವಿಭಕ್ತಿ ಮಾತ್ರ ಬೇರೆ.

ಆದರೆ ಈ ಬಾಂಧವ್ಯದಲ್ಲಿಯೇ ಅಪಾಯವೂ ಅಡಗಿದೆ. ರೂಪವನ್ನು ಗುರುತಿಸಿದವನು ಅರ್ಥವನ್ನೂ ತಿಳಿದೆನೆಂದು ಭ್ರಮಿಸುತ್ತಾನೆ. ಸಂಸ್ಕೃತ ಕಾವ್ಯದಲ್ಲಿ ಲಙ್, ಲುಙ್, ಲಿಟ್ ಮೂರೂ ಬಹುಮಟ್ಟಿಗೆ ಒಂದೇ ಭೂತಾರ್ಥದಲ್ಲಿ ಬೆರೆತುಹೋಗಿವೆ. ಗ್ರೀಕಿನಲ್ಲಿ ಬೆರೆಯುವುದಿಲ್ಲ. ‘ಎಗ್ರಫೆ’ ಎಂದರೆ ಬರೆಯುತ್ತಿದ್ದನು. ‘ಎಗ್ರಪ್ಸೆ’ ಎಂದರೆ ಬರೆದನು. ಈ ಎರಡನೆಯದಕ್ಕೆ ಗ್ರೀಕ್ ವೈಯಾಕರಣರು ‘ಎಲ್ಲೆ ಕಟ್ಟದ್ದು’ ಎಂಬರ್ಥದ ಹೆಸರಿಟ್ಟರು. ವಿಧಿರೂಪದಲ್ಲಿ ಅದಕ್ಕೆ ಭೂತಕಾಲದ ಗಂಧವೂ ಇಲ್ಲ: ಒಂದು ರೂಪವು ‘ಬರೆಯುತ್ತಿರು’ ಎಂದರೆ ಇನ್ನೊಂದು ‘ಬರೆದುಬಿಡು’ ಎನ್ನುತ್ತದೆ. ಇಲ್ಲಿ ಲಕಾರಗಳ ಜ್ಞಾನಕ್ಕಿಂತ ಕನ್ನಡದ ‘ಇರು’, ‘ಬಿಡು’ಗಳೇ ನಂಬತಕ್ಕ ಮಾರ್ಗದರ್ಶಕರು. ಹಾಗೆಯೇ ಗ್ರೀಕಿನ ಚತುರ್ಥಿಯು ತೃತೀಯೆಯನ್ನೂ ಸಪ್ತಮಿಯನ್ನೂ, ಷಷ್ಠಿಯು ಪಂಚಮಿಯನ್ನೂ ನುಂಗಿಕೊಂಡಿವೆ. ಹೆಸರನ್ನು ನಂಬಿ ‘ಗೋಸ್ಕರ’ ಎಂದು ಅರ್ಥ ಹೇಳುವವನು ಎಡವುತ್ತಾನೆ.

ಇಂಗ್ಲಿಷ್ ಪುಸ್ತಕಗಳು ಒಂದೆರಡು ಸಾಲುಗಳಲ್ಲಿ ದಾಟಿಬಿಡುವ ವಿಷಯವೊಂದು ಕನ್ನಡಿಗನಿಗೆ ನಿಜವಾಗಿಯೂ ಹೊಸದು: ನಾಮದ ಮುಂದೆ ಬರುವ ನಿರ್ದೇಶಕಪದ. ಹುಟ್ಟಿನಿಂದ ಅದು ಸಂಸ್ಕೃತದ ‘ಸಃ, ಸಾ, ತತ್’ಗಳ ಬಂಧು, ಬಳಕೆಯಲ್ಲಿ ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಅಂತಹುದಿಲ್ಲ. ಅದು ವ್ಯಕ್ತಿಯ ಹೆಸರಿನ ಮುಂದೆಯೂ ಬರಬಹುದು. ‘ಒಳ್ಳೆಯ ಮನುಷ್ಯ’ ಎಂಬುದಕ್ಕೂ ‘ಮನುಷ್ಯನು ಒಳ್ಳೆಯವನು’ ಎಂಬುದಕ್ಕೂ ಇರುವ ವ್ಯತ್ಯಾಸವು ಅನೇಕ ವೇಳೆ ಅದರ ಸ್ಥಾನವೊಂದರಿಂದಲೇ ತಿಳಿಯಬೇಕು. ಇಂಗ್ಲಿಷಿನವನು ಓಡುವ ಈ ಪುಟದಲ್ಲಿ ಕನ್ನಡಿಗನು ನಿಲ್ಲಬೇಕು. ಅವನು ನಿಲ್ಲುವ ಕೃದಂತದ ಅಧ್ಯಾಯದಲ್ಲಿ ಕನ್ನಡಿಗನು ನಡೆದುಹೋಗಬಹುದು.

೬

ನಿರ್ಣಯವನ್ನು ಹೇಳುವುದಾದರೆ, ಗುರುವಿಲ್ಲದ ಆರಂಭಕ್ಕೆ ‘ಅಥೇನಾಜ಼ೆ’ಯೇ ಎಲ್ಲಕ್ಕಿಂತ ಕ್ಷೇಮಕರ. ಅದು ಪೂರ್ಣವಾದುದೆಂದಲ್ಲ, ಮುಗಿಸಬಹುದಾದುದೆಂದು. ಸಂಸ್ಕೃತದ ನೆಲೆಯಿದ್ದು ಮನಸ್ಸು ಕಾವ್ಯದ ಕಡೆಗೇ ಎಳೆಯುವವರು ಫಾರನನ್ನು ಹಿಡಿಯಬಹುದು; ಅವರಿಗೆ ಹೋಮರನ ರೂಪವೈವಿಧ್ಯವು ಇಂಗ್ಲಿಷ್ ವಿದ್ಯಾರ್ಥಿಗೆ ಆಗುವಷ್ಟು ಭಾರವಾಗದು. ‘ರೀಡಿಂಗ್ ಗ್ರೀಕ್’ ಎರಡನೆಯ ಪುಸ್ತಕವಾಗಿ ಬಂದರೆ ಅದರ ಗುಣಗಳೆಲ್ಲ ಫಲಿಸುತ್ತವೆ. ವೈಟನ ಪಾಠಗಳು ಬರವಣಿಗೆಯ ಅಭ್ಯಾಸಕ್ಕೆ ಇಂದಿಗೂ ಉಪಯುಕ್ತ. ಸ್ಮಿತ್‌ನೂ ನಿಘಂಟುವೂ ಕಪಾಟಿನಲ್ಲಿ ಕಾಯಲಿ; ಅವರ ಕಾಲ ಬರುತ್ತದೆ. ಯಾವುದನ್ನು ಆರಿಸಿದರೂ ಅದನ್ನು ಗಟ್ಟಿಯಾಗಿ ಓದಬೇಕು, ಕಳೆದ ಪಾಠವನ್ನು ಮರಳಿ ಮರಳಿ ಓದಬೇಕು, ಕಡೆಯ ಪುಟದವರೆಗೆ ಓದಬೇಕು. ಎರಡು ಪುಸ್ತಕಗಳ ಅರ್ಧಕ್ಕಿಂತ ಒಂದು ಪುಸ್ತಕದ ಪೂರ್ತಿ ದೊಡ್ಡದು.

ಇದು ಕೇವಲ ಕೆಲವರ ವಿರಾಮದ ಹವ್ಯಾಸವೆಂದು ತಳ್ಳಿಹಾಕುವಂತಹುದಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸಾಫೋಕ್ಲೀಸನ ‘ಏಜಾಕ್ಸ್’ ನಾಟಕದ ಅಚ್ಚಿನಲ್ಲಿ ೧೯೨೯ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನೂ, ಈಸ್ಕಿಲಸ್ಸನ ನಾಟಕವನ್ನು ೧೯೩೫ರಲ್ಲಿ ‘ಪಾರಸಿಕರು’ ಎಂದೂ ಕನ್ನಡಕ್ಕೆ ಕೊಟ್ಟಂದಿನಿಂದ ಗ್ರೀಕ್ ರುದ್ರನಾಟಕವು ಕನ್ನಡ ಸಾಹಿತ್ಯದ ಒಂದು ನೆಲೆಯಾಗಿದೆ. ಆದರೂ ಕನ್ನಡದ ವಾಚಕರಲ್ಲಿ ಬಹುಮಂದಿಗೆ ಆ ಮೂಲಗಳು ಇಂಗ್ಲಿಷಿನ ಕಿಟಕಿಯಿಂದಲೇ ಕಾಣುತ್ತವೆ. ಕೃದಂತಗಳ ಓಟದಲ್ಲಿ, ಪುಟ್ಟ ಅವ್ಯಯಗಳ ಒತ್ತಿನಲ್ಲಿ, ‘ಬರೆಯುತ್ತಿದ್ದನು’, ‘ಬರೆದನು’ಗಳ ನಡುವಿನ ಅಂತರದಲ್ಲಿ ಕನ್ನಡಕ್ಕೆ ಹತ್ತಿರವಾದುದೆಲ್ಲ ಆ ಕಿಟಕಿಯಲ್ಲಿ ಒಮ್ಮೆ ದೂರವಾಗಿ, ಅನುವಾದಕನ ಶ್ರಮದಿಂದ ಮತ್ತೆ ಹತ್ತಿರ ಬರಬೇಕಾಗಿದೆ. ಮೂಲವನ್ನು ನೇರವಾಗಿ ಓದಬಲ್ಲ ಕೆಲವರಾದರೂ ಇದ್ದರೆ ಈ ಸುತ್ತುದಾರಿ ತಪ್ಪುತ್ತದೆ.

ಹಾರ್ಡಿಯ ಜೂಡನು ಪುಸ್ತಕಗಳನ್ನು ಕೆಳಗೆ ಹಾಕಿದನೆಂಬಲ್ಲಿಗೆ ಕಥೆ ಮುಗಿಯುವುದಿಲ್ಲ. ಕೆಲವು ಕಾಲದ ಮೇಲೆ ಅವನು ರೊಟ್ಟಿಯ ಗಾಡಿ ಹೊಡೆಯುತ್ತ, ಲಗಾಮನ್ನು ತೋಳಿಗೆ ಸಿಕ್ಕಿಸಿಕೊಂಡು, ತೊಡೆಯ ಮೇಲೆ ನಿಘಂಟನ್ನಿಟ್ಟುಕೊಂಡು, ಹಳೆಯ ಕವಿಗಳನ್ನು ತಡವರಿಸುತ್ತ ಓದುತ್ತಾನೆ. ಕೀಲಿಕೈಯನ್ನು ಹುಡುಕುವುದನ್ನು ಬಿಟ್ಟು ಸಾಲಿನಿಂದ ಸಾಲಿಗೆ ನಡೆಯತೊಡಗಿದ ದಿನದಿಂದ ಅವನ ಓದು ನಿಲ್ಲಲಿಲ್ಲ.